ನೀಲಕ್ಕನ ಹೆಪ್ಪು

ಆರ್.ಟಿ. ನಗರದಿಂದ ಹೆಬ್ಬಾಳದ ಕೃಷಿ ಕಾಲೇಜಿನ ಕಡೆ ಹೋಗುವಾಗ ಸಿಗುವ ಒಂದು ಓಣಿಯಲ್ಲಿ ಎದುರುಬದುರಾಗಿ ಎರಡು ಖಾನಾವಳಿಗಳಿದ್ದವು. ಎರಡರಲ್ಲೂ ಜೋಳದ ರೊಟ್ಟಿ, ಎರಡರಲ್ಲೂ ಎಣ್ಣೆಗಾಯಿ, ಎರಡರಲ್ಲೂ ಶೇಂಗಾ ಚಟ್ನಿ. ಒಂದರ ಬೋರ್ಡಿನ ಮೇಲೆ ‘ನೀಲಕ್ಕನ ಖಾನಾವಳಿ’ ಎಂದು ಬರೆದಿತ್ತು. ಇನ್ನೊಂದಕ್ಕೆ ಬೋರ್ಡೇ ಇರಲಿಲ್ಲ. ಅದು ಸಂಗವ್ವನದು. ಮೂರು ವರ್ಷವಾದರೂ ಓಣಿಯವರು ಅದನ್ನು ‘ನೀಲಕ್ಕನ ಹತ್ರ ಅಡುಗೆ ಮಾಡ್ಕೊಂಡಿದ್ರಲ್ಲ, ಅವರ ಖಾನಾವಳಿ’ ಎಂದೇ ಕರೆಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಂಗವ್ವ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು.

ನೀಲಕ್ಕ ಕೆಟ್ಟವಳಲ್ಲ. ಅದು ಸಂಗವ್ವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಆರುತ್ತಿರಲಿಲ್ಲ. ಗಂಡ ಕಾಶಿನಾಥನಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಟ್ರಂಕು ಹಿಡಿದು ಬೆಳಗಾವಿ ಕಡೆಯ ಖಾನಾಪುರದಿಂದ ಬಂದಿಳಿದ ದಿನ, ಈ ದೊಡ್ಡ ಊರಿನಲ್ಲಿ ಅವರಿಗೆ ತಿಳಿದಿದ್ದ ಹೆಸರು ನೀಲಕ್ಕನದೊಂದೇ. ನೀವು ಯಾರು, ಎತ್ತ ಎಂದು ಕೇಳುವ ಮೊದಲೇ ನೀಲಕ್ಕ ಎರಡು ತಾಟು ಹಾಕಿದ್ದಳು. ಉಂಡಾದ ಮೇಲೆ, “ರೊಟ್ಟಿ ಬಡಿಯಾಕ ಬರ್ತೈತೇನ?” ಎಂದಿದ್ದಳು. ಬರುತ್ತಿತ್ತು. ಆದರೆ ಮನೆಮಂದಿಗೆ ಬಡಿಯುವುದು ಬೇರೆ, ಪಂಕ್ತಿ ಪಂಕ್ತಿ ಕೂರುವ ಮಂದಿಗೆ ಬಡಿಯುವುದು ಬೇರೆ. ಹಿಟ್ಟಿಗೆ ಎಸರು ಎಷ್ಟು ಕುದಿಯಬೇಕು, ಬದನೆಕಾಯಿ ಯಾವಾಗ ಒಲೆಯಿಂದ ಇಳಿಸಬೇಕು, ಹಾಲು ಎಷ್ಟು ಬೆಚ್ಚಗಿದ್ದಾಗ ಹೆಪ್ಪು ಹಾಕಿದರೆ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುತ್ತದೆ, ಎಲ್ಲ ನೀಲಕ್ಕನೇ ಕಲಿಸಿದ್ದು. ಬೈದು ಬೈದು ಕಲಿಸಿದಳು. ಆದರೆ ಕಲಿಸಿದಳು.

ಬೈಗುಳ ಕಡೆತನಕ ನಿಲ್ಲಲಿಲ್ಲ. ಕೂಸು ಶಾಲೆಗೆ ಹೋಗುವಷ್ಟಾಯಿತು, ಇನ್ನೊಂದು ಹೆಣ್ಣು ಹುಟ್ಟಿತು, ಸಂಗವ್ವನ ಅಂಗೈ ತಟ್ಟಿ ತಟ್ಟಿ ದಡ್ಡುಗಟ್ಟಿತು. ಆದರೂ ನೀಲಕ್ಕ ಉಣ್ಣುವವರ ಎದುರಿಗೇ “ಈಕಿಗೆ ಇನ್ನಾ ಉಪ್ಪಿನ ಅಳತಿ ತಿಳಿವಲ್ದು” ಎನ್ನುವಳು. ಒಂದು ದಿನ ಸಂಗವ್ವ, ಎದುರಿನ ಮನೆಯ ಕೆಳಗಿನ ಭಾಗ ಬಾಡಿಗೆಗೆ ಹಿಡಿದಿದ್ದೇನೆ, ನನ್ನದೇ ಒಂದು ಒಲೆ ಹೂಡುತ್ತೇನೆ ಎಂದಳು. ನೀಲಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

“ನನ್ನ ಒಲಿ ಮುಂದ ಕಲತು, ನನ್ನ ಎದುರಿಗೇ ಒಲಿ ಹೂಡ್ತಿ? ಮಳಿಗಾಲ ದಾಟೂದ್ರಾಗ ತಿರುಗಿ ಬರ್ತಿ ನೋಡ.”

“ಬಂದ್ರ ನಿನ್ನ ಅಂಗಳದ ಕಸಾ ಹೊಡೀತೇನಿ, ಸಾಕೇನ?”

ಅದೇ ಕೊನೆಯ ಮಾತು. ಹೊರಬೀಳುವ ಮುನ್ನ ಸಂಗವ್ವ ಅಡುಗೆಮನೆಯಿಂದ ಒಂದೇ ಒಂದು ವಸ್ತುವನ್ನು ಕೇಳದೆ ತೆಗೆದುಕೊಂಡಿದ್ದಳು: ಪುಟ್ಟ ಡಬ್ಬಿಯಲ್ಲಿ ಒಂದು ಚಮಚ ಮೊಸರು, ಹೆಪ್ಪಿಗೆ. ಆಮೇಲೆ ನೀಲಕ್ಕ ರೊಟ್ಟಿ ಬಡಿಯುವ ಹೆಂಗಸರಿಗೆ, ಅಲ್ಲಿ ಹೋದರೆ ಇಲ್ಲಿ ಬರಬೇಡಿ ಎಂದಳು. ಗಿರಣಿಯವನಿಗೂ ಹಾಗೆಯೇ ಹೇಳಿದಳೆಂದು ಸುದ್ದಿ. ಸಂಗವ್ವ ಸುಮ್ಮನಿರಲಿಲ್ಲ. ನೀಲಕ್ಕನ ಕಾಯಂ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದಳು. ಅವರಿಬ್ಬರಲ್ಲಿ ಯಾರೂ ಇನ್ನೊಬ್ಬಳ ಹೊಸ್ತಿಲು ತುಳಿಯಲಿಲ್ಲ. ಓಣಿಯಲ್ಲಿ ಎದುರಾದರೆ ಒಬ್ಬಳು ಆಕಾಶ ನೋಡುವಳು, ಇನ್ನೊಬ್ಬಳು ಮೋರಿ ನೋಡುವಳು.

ಎರಡೂ ಕಡೆ ಉಣ್ಣುತ್ತಿದ್ದವನು ಗುರುಪಾದಪ್ಪ ಒಬ್ಬನೇ. ಸರ್ಕಾರಿ ಕಚೇರಿಯ ಗುಮಾಸ್ತ, ಗದಗಿನವನು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನು. ಮಧ್ಯಾಹ್ನ ನೀಲಕ್ಕನಲ್ಲಿ, ರಾತ್ರಿ ಸಂಗವ್ವನಲ್ಲಿ. ಯಾರಾದರೂ ಛೇಡಿಸಿದರೆ, “ನಂದು ಅಲಿಪ್ತ ನೀತಿ. ಎರಡೂ ಬಣದ ಕೂಡ ಸಂಬಂಧ ಇರಬೇಕು, ಯಾರ ಮಡಿಲಾಗೂ ಕುಂದರಬಾರದು” ಎನ್ನುತ್ತಿದ್ದ.

ಸಂಗವ್ವನ ಖಾನಾವಳಿಗೆ ತಾನಾಗಿ ಹುಡುಕಿಕೊಂಡು ಬಂದ ಗಿರಾಕಿಯೆಂದರೆ ಫೆಲಿಸ್ಬೆರ್ತು. ಆಫ್ರಿಕಾದ ಮೊಜಾಂಬಿಕ್ ದೇಶದವನು, ಕೃಷಿ ಕಾಲೇಜಿನ ವಿದ್ಯಾರ್ಥಿ. ಹೆಸರು ನಾಲಿಗೆಗೆ ಹೊರಳದೆ ಓಣಿಯವರೆಲ್ಲ ಅವನನ್ನು ಫಿಲಿಸಪ್ಪ ಮಾಡಿದ್ದರು. ಮೊದಲ ದಿನ ಇಂಗ್ಲಿಷೂ ಸರಿಯಾಗಿ ಬಾರದೆ, ಕನ್ನಡವೂ ಬಾರದೆ ತಾಟಿನ ಮುಂದೆ ಮಿಕಿಮಿಕಿ ನೋಡುತ್ತಿದ್ದವನು “ಬಟಾಟಿ ಪಲ್ಯ” ಎಂಬ ಮಾತು ಕೇಳಿ ತಲೆಯೆತ್ತಿದ್ದ. ಆಲೂಗಡ್ಡೆ ಅವರ ಕಡೆಯೂ ಬಟಾಟವೇ. ಅಂದಿನಿಂದ ಊಟದ ಜೊತೆ ಭಾಷೆಯನ್ನೂ ಇಲ್ಲೇ ಉಂಡ. ಹಾಗಾಗಿ ಅವನ ಬಾಯಲ್ಲಿ ಬರುತ್ತಿದ್ದದ್ದು ಬೆಂಗಳೂರಿನ ಕನ್ನಡವಲ್ಲ, ಅಚ್ಚ ಬೆಳಗಾವಿಯದು. ಬಸ್ಸಿನಲ್ಲಿ ಅವನು “ತುಸು ಸರದು ನಿಂದರ್ರಿ” ಎಂದರೆ ಇಡೀ ಬಸ್ಸೇ ತಿರುಗಿ ನೋಡುತ್ತಿತ್ತು.

ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ತಾವೇ ಸಂಗವ್ವನ ಬಾಗಿಲಿಗೆ ಬಂದರು. ಹೊರದೇಶದಿಂದ ಗೇರುಬೆಳೆ ಬಲ್ಲ ಹಿರಿಯ ಪ್ರೊಫೆಸರೊಬ್ಬರು ಬರುತ್ತಿದ್ದಾರೆ. ಭಾನುವಾರ ಮಧ್ಯಾಹ್ನ ಅವರಿಗೂ ಕಾಲೇಜಿನ ಹತ್ತಿಪ್ಪತ್ತು ಮಂದಿಗೂ ಜೋಳದ ರೊಟ್ಟಿಯ ಊಟ ಹಾಕಿಸಬೇಕು ಎಂದರು. “ಸಂಗವ್ವನವರ ಖಾನಾವಳಿ ಅಂದ್ರೆ ಇದೇ ತಾನೇ?” ಎಂದು ಕೇಳಿದರು.

ಸಂಗವ್ವನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ನಿಂತಿತು. ಆ ಹೆಸರು ಹಿಡಿದು ಕೇಳಿಕೊಂಡು ಬಂದವರು ಅವರೇ ಮೊದಲು. ಅವತ್ತು ರಾತ್ರಿ ಎರಡನೇ ಪಾಳಿ ಮುಗಿಸಿ ಬಂದ ಕಾಶಿನಾಥನಿಗೆ ಆ ಮಾತನ್ನು ಎರಡೆರಡು ಸಲ ಹೇಳಿದಳು. ಭಾನುವಾರದ ಊಟ ನೆಟ್ಟಗಾದರೆ ಸಾಕು, ಆಮೇಲೆ ಬೋರ್ಡು ಬರೆಸುವುದೇ ಎಂದಳು. ಅರ್ಧ ನಿದ್ದೆಯಲ್ಲಿದ್ದ ಅವನು, “ಬರಸು, ಬರಸು. ಅಕ್ಷರ ದೊಡ್ಡವು ಇರಲಿ” ಎಂದು ಮಗ್ಗುಲು ಹೊರಳಿಸಿದ.

ಶನಿವಾರ ಸೂರ್ಯಗ್ರಹಣ. ಹುಬ್ಬಳ್ಳಿ, ಗದಗದ ಕಡೆ ಪೂರ್ತಿ ಕತ್ತಲಾಗುತ್ತದಂತೆ, ಇಲ್ಲಿಯೂ ಮುಕ್ಕಾಲು ಕತ್ತಲಾಗುತ್ತದಂತೆ ಎಂದು ವಾರದಿಂದ ಅದೇ ಮಾತು. ಬೆಳಿಗ್ಗೆಯೇ ಮನೆಯ ಮಾಲಕಿ ವರಲಕ್ಷ್ಮಮ್ಮ ಮಹಡಿಯಿಂದ ಇಳಿದು ಬಂದರು.

“ಸಂಗವ್ವ, ಗ್ರಹಣ ಬಿಟ್ಟ ಮೇಲೆ ಬೇಯಿಸಿದ್ದು, ಹಾಲು, ಮೊಸರು ಏನೂ ಇಟ್ಕೋಬೇಡಿ ಕಣ್ರೀ. ಕೊಡದ ನೀರು ಸಮೇತ ಚೆಲ್ಲಿಬಿಡಿ. ಮನೆ ನಮ್ಮದು ನೋಡಿ, ದೋಷ ನಮಗೂ ತಟ್ಟುತ್ತೆ.”

ಸಂಗವ್ವನ ತವರಿನಲ್ಲಿ ಇಂಥದ್ದೆಲ್ಲ ಇರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಯಾವ ಸೂತಕ, ಯಾವ ಗ್ರಹಣ ಎನ್ನುತ್ತಿದ್ದಳು ಅವ್ವ. ಆದರೆ ಬಾಡಿಗೆ ಮನೆಗಳಲ್ಲಿ ಹತ್ತು ವರ್ಷ ಇದ್ದರೆ ಮಾಲಕರ ದೇವರು ಮಾತ್ರವಲ್ಲ, ಮಾಲಕರ ಭಯವೂ ಒಳಗೆ ಬಂದು ಕೂರುತ್ತದೆ. ಈಗ ಸಂಗವ್ವ ಶುಕ್ರವಾರ ಉಗುರು ತೆಗೆಯುತ್ತಿರಲಿಲ್ಲ, ದೀಪ ಹಚ್ಚಿದ ಮೇಲೆ ಹಾಲು-ಮೊಸರು ಹೊರಗೆ ಕೊಡುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. “ಆತ್ರೀ” ಎಂದಳು.

ಮಧ್ಯಾಹ್ನ ಫಿಲಿಸಪ್ಪ ತಡವಾಗಿ ಊಟಕ್ಕೆ ಬಂದ. ಉಂಡು ಕೈ ತೊಳೆಯುವಷ್ಟರಲ್ಲಿ ಬಿಸಿಲಿನ ಬಣ್ಣ ಮಂಕಾಗತೊಡಗಿತ್ತು. ಹೊರಗೆ ಹೋಗಿ ನೋಡುತ್ತೇನೆಂದು ಎದ್ದವನನ್ನು ಸಂಗವ್ವ ರಟ್ಟೆ ಹಿಡಿದು ಕೂರಿಸಿ ಬಾಗಿಲು ಹಾಕಿದಳು. ಹೆಣ್ಣುಮಕ್ಕಳಿಬ್ಬರೂ ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಪಿಸುಗುಡುತ್ತಿದ್ದವು. ಕಿಟಕಿಯ ಸಂದಿಯಿಂದ ಬೂದಿ ಬಣ್ಣದ ಬೆಳಕು ಬೀಳುತ್ತಿತ್ತು.

“ನಾಳೆ ನಾ ಬರೂದಿಲ್ಲ ರೀ, ಅಕ್ಕಾರ” ಎಂದ ಅವನು.

“ಯಾಕೋ? ನಾಳೆ ದೊಡ್ಡ ಊಟ ಐತಿ.”

“ಆ ಪ್ರೊಫೆಸರ್ ಯಾವ ದೇಶದಾಂವ, ಗೊತ್ತೈತೇನ್ರಿ? ಪೋರ್ಚುಗಲ್. ನಮ್ಮನ್ನ ಆಳಿದವರು. ಅವನ ಇಂಗ್ಲಿಷ್ ಯಾರಿಗೂ ತಿಳಿಯಂಗಿಲ್ಲ. ಅವನ ಮಗ್ಗಲಿಗೆ ಕುಂತು ನಾ ಮಾತು ತಿಳಿಸಿ ಹೇಳಬೇಕಂತ. ಒಲ್ಲೆ ಅಂದೇನಿ.”

ಫಿಲಿಸಪ್ಪ ಇಷ್ಟು ಗಡುಸಾಗಿ ಮಾತಾಡಿದ್ದನ್ನು ಸಂಗವ್ವ ಕೇಳಿರಲಿಲ್ಲ. ಅವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಆಗ ಅವನು ಹೇಳಿದ್ದು ಬಾವಿಯ ಕಥೆ. ಅವನ ಅಪ್ಪ ಕೆಲಸ ಮಾಡುತ್ತಿದ್ದ ಗೇರುತೋಟದ ದಣಿ ಪೋರ್ಚುಗೀಸರವನು. ದೇಶ ಸ್ವತಂತ್ರವಾಗುತ್ತದೆ ಎಂದು ಗೊತ್ತಾದಾಗ ದಣಿ ಗಂಟುಮೂಟೆ ಕಟ್ಟಿದ. ಹೊತ್ತೊಯ್ಯಲಾಗುವುದನ್ನು ಲಾರಿಗೆ ಹೇರಿದ. ಹೊತ್ತೊಯ್ಯಲಾಗದ ಬಾವಿಗೆ ಸಿಮೆಂಟು ಸುರಿಸಿ ಹೋದ.

“ಐದು ವರ್ಷ ಆತು ಬರ್ತಾ. ನಮ್ಮವ್ವ ಇವತ್ತಿಗೂ ನೀರಿಗೆ ಹೊಳಿಗೇ ಹೋಗತಾಳ. ಎರಡೂ ಸರ್ಕಾರದವರು ಇನ್ನಾ ಜಗಳಾಡಾಕ ಹತ್ಯಾರ, ಯಾರು ಏನು ಒಯ್ದರು, ಯಾರು ಏನು ಕಸಗೊಂಡರು ಅಂತ. ನಾ ಅವನ ಕೂಡ ಒಂದ ಪಂಕ್ತ್ಯಾಗ ಕುಂದರಲಿ?”

ಸಂಗವ್ವನ ತವರು ಗೋವಾದ ಗಡಿಗೆ ಹತ್ತಿರ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ, ಗಡಿ ಮುಚ್ಚಿದ್ದ ವರ್ಷಗಳಲ್ಲಿ, ಆಚೆಗೆ ಕೊಟ್ಟಿದ್ದ ತಂಗಿಯ ಮುಖ ಕಾಣದೆ ಅಪ್ಪ ಹಬ್ಬಕ್ಕೊಮ್ಮೆ ಅಳುತ್ತಿದ್ದದ್ದು ಅವಳಿಗೆ ನೆನಪಿತ್ತು.

“ನಮಗೂ ಗೊತ್ತೋ ಅವರು. ನಾವೂ ಓಡಿಸೇವಿ ಅವರನ್ನ. ಆದ್ರ ನೀನ ಹೇಳಿದ್ದಿಯಲ್ಲ, ಮೆಣಸಿನಕಾಯಿ, ಬಟಾಟಿ, ಪೇರಲಹಣ್ಣು, ಎಲ್ಲಾ ಅವರ ಹಡಗದಾಗ ಬಂದಿದ್ದು ಅಂತ? ಮೆಣಸಿನಕಾಯಿ ಓಡಿಸಿದ್ರ ನನ್ನ ಖಾನಾವಳಿ ಏನ್ ಆಗತಿತ್ತು?”

“ಮೆಣಸಿನಕಾಯಿ ಬಾವಿ ಮುಚ್ಚಂಗಿಲ್ಲ ರೀ.”

ಸಂಗವ್ವ ಬೇರೆ ದಾರಿ ಹಿಡಿದಳು. “ಒಂದು ಊಟ, ತಮ್ಮಾ. ನನ್ನ ಸಲುವಾಗಿ. ಆ ಮುದುಕಗ ಇದು ಹಿಂಗ ಉಣ್ಣು, ಅದು ಹಂಗ ಉಣ್ಣು ಅಂತ ಹೇಳಾಕ ನನಗ ನೀ ಬಿಟ್ರ ಯಾರದಾರ?”

ಅವನು ಮುಗುಳ್ನಕ್ಕ. “ನೀವು ನೀಲಕ್ಕಾರ ಮನಿಗೆ ಹೋಗಿ ಒಂದು ತುತ್ತು ಉಂಡು ಬರ್ತೀರೇನ್ರಿ?”

“ಅದು ಬ್ಯಾರೆ.”

“ಹೆಂಗ ಬ್ಯಾರೆ ರೀ?”

“ಬಾಯಿ ಮುಚ್ಚಿ ಕುಂದ್ರು. ಗ್ರಹಣದಾಗ ಮಾತಾಡಬಾರದು.”

ಗ್ರಹಣ ಬಿಟ್ಟಿತು. ಮೇಲೆ ವರಲಕ್ಷ್ಮಮ್ಮ ನೀರು ಚೆಲ್ಲುವ ಸದ್ದು ಕೇಳಿದ್ದೇ ತಡ, ಸಂಗವ್ವನಿಗೆ ಮೈಮೇಲೆ ಬಂದಂತಾಯಿತು. ಕೊಡ, ಬಿಂದಿಗೆ ಬೋರಲು ಹಾಕಿದಳು. ಉಳಿದ ಸಾರು, ಕಾಯಿಸಿದ ಹಾಲು, ದೊಡ್ಡ ಗಡಿಗೆಯ ಮೊಸರು ಎಲ್ಲ ಮೋರಿಗೆ ಹೋಯಿತು. ಗಡಿಗೆಯನ್ನು ಬೂದಿ ಹಾಕಿ ತಿಕ್ಕಿ ಕುದಿನೀರಿನಲ್ಲಿ ತೊಳೆದಳು. ಅಷ್ಟರಲ್ಲಿ ಹಾಲಿನ ಅನ್ವರ್ ಸೈಕಲ್ಲಿನ ಮೇಲೆ ಎಮ್ಮೆ ಹಾಲಿನ ಕ್ಯಾನು ತಂದ. ನಾಳೆಯ ಊಟಕ್ಕೆಂದು ಹೇಳಿಟ್ಟಿದ್ದ ಹಾಲು. ಅದನ್ನು ಅಳೆದು ಸುರಿಯುತ್ತಿರುವಾಗ ಬಾಗಿಲಲ್ಲಿ ನಿಂತಿದ್ದ ಫಿಲಿಸಪ್ಪ ಕೇಳಿದ:

“ಅಕ್ಕಾರ, ಹೆಪ್ಪಿಗೆ ತಗದಿಟ್ಟೀರಿ?”

ಸಂಗವ್ವ ಗಡಿಗೆ ನೋಡಿದಳು, ಮೋರಿ ನೋಡಿದಳು. ಮೂರು ವರ್ಷದಿಂದ ಒಂದು ದಿನವೂ ತಪ್ಪದೆ ಇಂದಿನ ಮೊಸರಿನಿಂದ ನಾಳೆಯ ಮೊಸರು ಮಾಡಿಕೊಂಡು ಬಂದಿದ್ದ ಹೆಪ್ಪು ಮೋರಿಯಲ್ಲಿ ಬೆಳ್ಳಗೆ ಹರಿದು ಹೋಗಿತ್ತು.

ಮೊಸರಿಲ್ಲದ ರೊಟ್ಟಿ ಊಟ ಎಂದರೆ ಕೊಡೆಯಿಲ್ಲದ ಮಳೆ. ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿ ಅರೆದ ರಂಜಕದ ಖಾರ, ಅದರ ಮೇಲೆ ಗಟ್ಟಿ ಮೊಸರು ಬೀಳದಿದ್ದರೆ ಉಂಡವನು ಹರಸುವುದಿಲ್ಲ, ಶಪಿಸುತ್ತಾನೆ. ಅದೂ ಪರದೇಶದ ಮುದುಕ. ಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪುಗಟ್ಟಿಸುವುದುಂಟು, ಆದರೆ ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ ಅದು.

“ಅನ್ವರ್, ನಿಮ್ಮ ಮನ್ಯಾಗ ಮೊಸರು?”

“ನಮ್ಮನೇಲಿ ಎಲ್ಲಿಂದ ಅಕ್ಕ? ಹಾಲೆಲ್ಲ ಮಾರೋಕೇ ಸರಿಹೋಗುತ್ತೆ. ಕರೀ ಚಾ ಕುಡಿಯೋರು ನಾವು.”

ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು ಸಂಗವ್ವ ಹೊರಟಳು. ಮೂಲೆಯ ಹೋಟೆಲಿನ ಬಾಗಿಲು ಹಾಕಿತ್ತು. ಪಕ್ಕದ ಮನೆಯಲ್ಲಿ ಚೆಲ್ಲಿದ್ದರು. ಅದರ ಪಕ್ಕದವರೂ ಚೆಲ್ಲಿದ್ದರು. ಇನ್ನೊಬ್ಬರು ಚೆಲ್ಲಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ಓಣಿಯ ತುದಿಯ ಶಾಲಾ ಮೇಷ್ಟ್ರು ರಾಮಕೃಷ್ಣಪ್ಪನವರ ಮನೆಯಲ್ಲಿ ಮೊಸರಿನ ಮೇಲೆ ದರ್ಭೆ ಹಾಕಿ ಉಳಿಸಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಅಲ್ಲಿಗೆ ಓಡಿದಳು. ಹೋಗುವಷ್ಟರಲ್ಲಿ ಮೇಷ್ಟ್ರ ಹೆಂಡತಿ ತುಳಸಿಯ ಮುಂದೆ ದೀಪವಿಟ್ಟು ಕೈಮುಗಿಯುತ್ತಿದ್ದರು.

“ಅಯ್ಯೋ, ಈಗ ತಾನೇ ದೀಪ ಹಚ್ಚಿದೆನಲ್ಲ ಸಂಗವ್ವ. ದೀಪ ಹಚ್ಚಿದ ಮೇಲೆ ಮೊಸರು ಆಚೆ ಕೊಡಲ್ಲ ನಾವು. ನಿಮಗೆ ಗೊತ್ತಲ್ಲ. ಬೆಳಿಗ್ಗೆ ಬೇಗ ಬನ್ನಿ.”

ಬೆಳಿಗ್ಗೆ ಹೆಪ್ಪು ಹಾಕಿದರೆ ಮಧ್ಯಾಹ್ನಕ್ಕೆ ಉಳಿಯುವುದು ಹಾಲೇ. ಸಂಗವ್ವ ಹಿಂತಿರುಗಿದಳು. ಓಣಿಯುದ್ದಕ್ಕೂ ಒಂದೊಂದೇ ಮನೆಯಲ್ಲಿ ದೀಪ ಹತ್ತಿಕೊಳ್ಳುತ್ತಿತ್ತು. ಹತ್ತಿದ ಪ್ರತಿ ದೀಪವೂ ಅವಳ ಮುಖದ ಮೇಲೆ ಮುಚ್ಚಿದ ಬಾಗಿಲಿನಂತೆ ಕಂಡಿತು. ಬೋರ್ಡು ಬರೆಸುವ ಆಸೆ ನೆನಪಾಗಿ, ತನ್ನ ಬಗ್ಗೆ ತನಗೇ ನಗುವೂ ಬಂತು, ಅಳುವೂ ಬಂತು.

ಮನೆಯ ಮುಂದೆ ಬಂದು ನಿಂತಾಗ ಅವಳಿಗೆ ಏನೋ ವಿಚಿತ್ರ ಕಂಡಿತು. ಇಡೀ ಓಣಿಯಲ್ಲಿ ಬೆಳಕಿತ್ತು, ನೀಲಕ್ಕನ ಖಾನಾವಳಿಯಲ್ಲಿ ಮಾತ್ರ ಕತ್ತಲೆ. ಕರೆಂಟು ಹೋಗಿರಲಿಲ್ಲ. ಒಳಗೆ ಮಂದಿ ಇದ್ದರು, ಗೊಣಗುವುದು ಕೇಳುತ್ತಿತ್ತು.

“ಏನ್ ನೀಲಕ್ಕ, ಕರೆಂಟ್ ಬಿಲ್ ಕಟ್ಟಿಲ್ವಾ?” ಎಂದಿತು ಒಂದು ದನಿ.

“ಕೈಯಾಗಿನ ರೊಟ್ಟಿ ಬಾಯಿಗೆ ಹೊಕ್ಕೈತೋ ಮೂಗಿಗೆ ಹೊಕ್ಕೈತೋ ತಿಳಿವಲ್ದು” ಎಂದಿತು ಇನ್ನೊಂದು. ಅದು ಗುರುಪಾದಪ್ಪನದು. ಗ್ರಹಣ ಹಿಡಿದದ್ದರಿಂದ ಅವನ ಮಧ್ಯಾಹ್ನದ ಊಟ ಸಂಜೆಗೆ ಜಾರಿತ್ತು.

“ಸುಮ್ಮ ಕುಂದರ್ರಿ. ಹಸದವರಿಗೆ ಬಾಯಿ ಎಲ್ಲೈತಿ ಅಂತ ದೀಪಾ ಹಿಡದು ತೋರಸಬೇಕೇನ?” ಇದು ನೀಲಕ್ಕ. ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಬಿಳಿಯ ಸೀರೆ ಕತ್ತಲಲ್ಲೂ ಕಾಣುತ್ತಿತ್ತು. ಅಲ್ಲಿಂದ ಓಣಿಯ ಎರಡೂ ತುದಿ ಕಾಣುತ್ತದೆ. ಬಟ್ಟಲು ಹಿಡಿದು ಮನೆ ಮನೆ ತಿರುಗಿದ್ದೂ ಕಂಡಿರುತ್ತದೆ.

ಸಂಗವ್ವ ನಡುಓಣಿಯಲ್ಲಿ ನಿಂತಳು.

“ನಮ್ಮನ್ಯಾಗ ಇನ್ನಾ ದೀಪಾ ಹಚ್ಚಿಲ್ಲ” ಎಂದಳು ನೀಲಕ್ಕ, ಯಾರಿಗೋ ಎಂಬಂತೆ. “ಬರೂದಿದ್ರ ಲಗೂ ಬರಬೇಕು. ಮಂದಿ ಕತ್ತಲದಾಗ ಉಣ್ಣಾಕ ಹತ್ತೈತಿ.”

ಮೂರು ವರ್ಷ ದಾಟದ ಆ ಹೊಸ್ತಿಲನ್ನು ಸಂಗವ್ವ ದಾಟಿದಳು. ಕತ್ತಲಲ್ಲೂ ಅವಳಿಗೆ ದಾರಿ ತಿಳಿದಿತ್ತು. ಎಡಕ್ಕೆ ನೀರಿನ ಹಂಡೆ, ಎರಡು ಹೆಜ್ಜೆಗೆ ಒಳಕಲ್ಲು, ಮೂಲೆಯಲ್ಲಿ ನೆಲುವಿನ ಮೇಲೆ ಮೊಸರಿನ ಗಡಿಗೆ. ಯಾವುದೂ ಜಾಗ ಬದಲಿಸಿರಲಿಲ್ಲ. ಹಿಂದೆಯೇ ಬಂದ ನೀಲಕ್ಕ ಗಡಿಗೆ ಇಳಿಸಿದಳು.

“ನೀ ಚೆಲ್ಲಲಿಲ್ಲೇನ?” ಎಂದಳು ಸಂಗವ್ವ. ಮೂರು ವರ್ಷದ ಮೇಲೆ ಬಾಯಿಂದ ಬಂದ ಮೊದಲ ಮಾತು ಅದಾಯಿತು.

“ಸೂರ್ಯಾಗ ಹಿಡದ ಗ್ರಹಣ ನನ್ನ ಗಡಿಗಿಗೆ ಯಾಕ ಹಿಡೀತೈತಿ? ಎಮ್ಮಿ ಹಾಲು ಮೋರಿಗೆ ಸುರದ್ರ ಯಾವ ದೇವರು ಮೆಚ್ಚತಾನ?”

“ಗ್ರಹಣ ನಂಬೂದಿಲ್ಲ ಅಂತಿ. ಮತ್ತ ದೀಪ ಹಚ್ಚಿದ ಮ್ಯಾಲೆ ಮೊಸರು ಕೊಡಬಾರದು ಅನ್ನೂದು ನಂಬತೀಯೇನ?”

“ನಾ ಎಲ್ಲಿ ನಂಬತೇನಿ?” ನೀಲಕ್ಕ ಕತ್ತಲಲ್ಲಿ ತಡವಿ ಚಮಚ ತೆಗೆದಳು. “ನೀ ನಂಬತೀಯಲ್ಲ. ದೀಪ ಹಚ್ಚಿದ್ದರ ನೀ ಕೇಳಾಕ ಬರ್ತಿದ್ದಿಲ್ಲ.”

ಕತ್ತಲಿದ್ದದ್ದು ಒಳ್ಳೆಯದೇ ಆಯಿತು. ಸಂಗವ್ವ ಬಟ್ಟಲು ಮುಂದೆ ಹಿಡಿದಳು. ನೀಲಕ್ಕ ಅದನ್ನು ಬದಿಗೆ ಸರಿಸಿ, ತನ್ನದೇ ಅಂಚು ಒಡೆದ ಪಿಂಗಾಣಿ ಬಟ್ಟಲಿಗೆ ಹೆಪ್ಪು ಹಾಕಿದಳು. ಒಂದು ಚಮಚವಲ್ಲ, ಬಟ್ಟಲು ತುಂಬ.

“ಹ್ವಾದ ಸಲ ಕೇಳದ ಒಯ್ದಿದ್ದಿ. ಈ ಸಲ ಕೇಳಿ ಒಯ್ಯಿ.”

“ಗೊತ್ತಿತ್ತೇನ ನಿನಗ?”

“ನನ್ನ ಗಡಿಗಿ ಮ್ಯಾಲಿನ ಕೆನಿ ಯಾರು ಮುರದ್ರು ಅಂತ ನನಗ ತಿಳಿಯಂಗಿಲ್ಲೇನ? ಒಯ್ಯಲಿ ಅಂತ ಬಿಟ್ಟೆ. ಹೆಪ್ಪಿಲ್ಲದ ಹೊಸ ಒಲಿ ಹೆಂಗ ಹೂಡತಿ?” ಗಡಿಗೆಯನ್ನು ಮತ್ತೆ ನೆಲುವಿಗೇರಿಸಿ ಸೇರಿಸಿದಳು: “ಆದ್ರ ಕೇಳಬೇಕಿತ್ತು ನೀ.”

“ಕೇಳಬೇಕಿತ್ತು, ಅಕ್ಕಾ” ಎಂದಳು ಸಂಗವ್ವ. ಆ ‘ಅಕ್ಕಾ’ ಬಾಯಿಗೆ ಬಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು. “ರೊಟ್ಟಿ ಬಡಿಯವರನ್ನ ನೀ ತಡೀಬಾರದಿತ್ತು.”

“ತಡೀಬಾರದಿತ್ತು” ಎಂದಳು ನೀಲಕ್ಕ. “ಹಾಲು ಆರಸಬ್ಯಾಡ, ಹೋಗ. ಬೆರಳು ಅದ್ದಿದ್ರ ತಡಿಯೂವಷ್ಟು ಬಿಸಿ ಇರಬೇಕು, ನೆನಪೈತಿಲ್ಲ?”

ಸಂಗವ್ವ ಓಣಿ ದಾಟಿ ತನ್ನ ಬಾಗಿಲು ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ನೀಲಕ್ಕನ ಬಲ್ಬು ಹತ್ತಿತು. ಒಳಗಿದ್ದವರು ಹೋ ಎಂದರು. ಬಾಗಿಲಲ್ಲಿ ಫಿಲಿಸಪ್ಪ ನಿಂತಿದ್ದ. ಎಲ್ಲವನ್ನೂ ನೋಡಿದ್ದನೆಂದು ಕಾಣುತ್ತದೆ. ಅವಳ ಕೈಯಲ್ಲಿದ್ದ ಪಿಂಗಾಣಿ ಬಟ್ಟಲು ನೋಡಿದ, ಅವಳ ಮುಖ ನೋಡಿದ. ಛೇಡಿಸುತ್ತಾನೆ ಎಂದುಕೊಂಡಳು. ಅವನು ಛೇಡಿಸಲಿಲ್ಲ.

“ನಾಳೆ ಎಷ್ಟಕ್ಕ ಬರಲಿ ರೀ?” ಎಂದ.

ಭಾನುವಾರ ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದಾಗ ಮೊಸರು ಕನ್ನಡಿಯ ಹಾಗೆ ನಿಂತಿತ್ತು. ಇನ್ನೂ ಒಂದಾಯಿತು. ಸೂರ್ಯ ಏರುವ ಮುಂಚೆ ನೀಲಕ್ಕನ ಮನೆಯ ರೊಟ್ಟಿ ಬಡಿಯುವ ಹೆಂಗಸರಿಬ್ಬರು ಬಂದು ಸೆರಗು ಸಿಕ್ಕಿಸಿ ಕೂತರು. ಯಾರು ಕಳಿಸಿದರು ಎಂದು ಸಂಗವ್ವ ಕೇಳಲಿಲ್ಲ, ಅವರು ಹೇಳಲಿಲ್ಲ.

ಪ್ರೊಫೆಸರರ ಹೆಸರು ತೆಶೇರಾ. ಬೋಳುತಲೆ, ಕೆಂಪು ಮೂಗು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಪರದಾಡುವ ಮೊಣಕಾಲು. ಫಿಲಿಸಪ್ಪ ಅವರ ಪಕ್ಕದಲ್ಲಿ ಕೂತ. ಮುಖ ಮಾತ್ರ ಬೀಗ ಹಾಕಿದ ಹಾಗಿತ್ತು. ಮುದುಕ ಏನೋ ಕೇಳಿದರೆ ಇಂಗ್ಲಿಷಿನಲ್ಲಿ ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದ. ಅವರ ಭಾಷೆಗೆ ಇಳಿಯುತ್ತಿರಲಿಲ್ಲ. ಬಡಿಸುತ್ತಿದ್ದ ಸಂಗವ್ವನ ಕಣ್ಣು ಆ ಕಡೆಗೇ.

ರಂಜಕವನ್ನು ಮುದುಕ ಟೊಮ್ಯಾಟೊ ಗೊಜ್ಜು ಎಂದುಕೊಂಡಿರಬೇಕು. ರೊಟ್ಟಿಯ ತುಣುಕಿನಿಂದ ಬಳಿದು ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಮೂಗಿನ ಕೆಂಪು ಇಡೀ ತಲೆಗೆ ಹರಡಿತು. ಕಣ್ಣಲ್ಲಿ ನೀರು ದಳದಳ. ನೀರಿನ ಲೋಟಕ್ಕೆ ಕೈಚಾಚಿದವರನ್ನು ಫಿಲಿಸಪ್ಪ ತಡೆದ. ತನ್ನ ತಾಟಿನ ಮೊಸರಿನ ಬಟ್ಟಲು ಅವರ ಮುಂದೆ ಸರಿಸಿ, ಮೊದಲ ಸಲ ಅವರ ಭಾಷೆಯಲ್ಲಿ ಏನೋ ಹೇಳಿದ. ನೀರು ಕುಡಿಯಬೇಡಿ, ಇದನ್ನು ತಿನ್ನಿ ಎಂದಿರಬೇಕು. ಮುದುಕ ಮಗುವಿನಂತೆ ಮೊಸರು ತಿಂದರು. ಉಸಿರು ತಿರುಗಿ ಬಂದ ಮೇಲೆ ನಕ್ಕರು. ಫಿಲಿಸಪ್ಪನ ಬಾಯಿಯೂ ಒಂದು ಎಳೆಯಷ್ಟು ಬಿಚ್ಚಿತು.

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಫಿಲಿಸಪ್ಪನ ದನಿ ಏರಿತು. ಮುದುಕನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಸಂಗವ್ವ ಪಲ್ಯದ ಸೌಟು ಹಿಡಿದು ಕಾದಳು.

ಎಲ್ಲರೂ ಹೋದ ಮೇಲೆ ಕೇಳಿದಳು. “ಬಾವಿ ಮಾತು ತಗದಿ, ಹೌದಲ್ಲ?”

“ಹೌದ್ರಿ.”

“ಏನಂದ ಮುದುಕ?”

“ಯಾವ ಊರು ಅಂತ ಕೇಳಿದ. ಹೇಳಿದೆ. ಆ ಕಡೆ ತಿರುಗ್ಯಾಡೇನಿ ಅಂದ. ಆಮ್ಯಾಲೆ ಬಾಳೊತ್ತು ಸುಮ್ಮ ಕುಂತ.” ಫಿಲಿಸಪ್ಪ ಉಂಡ ತಾಟುಗಳನ್ನು ಒಂದರ ಮೇಲೊಂದು ಪೇರಿಸಿದ. “ಏನೂ ಹೇಳಾಕ ಆಗಲಿಲ್ಲ ಅವಗ. ಅದು ಚಲೋ ಆತು ರೀ. ಏನರ ಹೇಳಿದ್ರ ನಾ ಎದ್ದು ಬರ್ತಿದ್ದೆ. ಕಡೀಕ ಇನ್ನೊಂದು ಬಟ್ಟಲಾ ಮೊಸರು ಕೇಳಿದ. ಕೊಡಿಸಿದೆ.”

ಮುದುಕ ಹೋಗುವಾಗ ಅವನ ಕೈಗೊಂದು ಕಾಗದದ ಪೊಟ್ಟಣ ಕೊಟ್ಟಿದ್ದರು. ಬಿಚ್ಚಿದರೆ ಗೇರುಬೀಜ. “ಲಿಸ್ಬನ್ನಿಂದ ತಂದಾನ. ಬೆಳದಿದ್ದು ಮಾತ್ರ ನಮ್ಮ ಕಡೆ” ಎಂದು ಫಿಲಿಸಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಸಂಗವ್ವನ ಮುಂದಿಟ್ಟ. ಅವಳ ಊರಲ್ಲಿ, ಮಂದಿ ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ನೀಲಕ್ಕ ತನ್ನದೇ ಬಟ್ಟಲಲ್ಲಿ ಹೆಪ್ಪು ಕೊಟ್ಟದ್ದು ಯಾಕೆಂದು ಸಂಗವ್ವನಿಗೆ ಆಗ ಹೊಳೆಯಿತು.

ಸೋಮವಾರ ಮಧ್ಯಾಹ್ನ ಪಿಂಗಾಣಿ ಬಟ್ಟಲಿನಲ್ಲಿ ತಾನೇ ಕುಟ್ಟಿದ ಶೇಂಗಾ ಚಟ್ನಿ ತುಂಬಿ, ಮೇಲೆ ಗೇರುಬೀಜವಿಟ್ಟು ಓಣಿ ದಾಟಿದಳು. ಕಟ್ಟೆಯ ಕೆಳಗೆ ಪುಸ್ತಕ ಹಿಡಿದ ಹೊಸ ಹುಡುಗನೊಬ್ಬ ನಿಂತಿದ್ದ. ಬಾಗಲಕೋಟೆಯ ಕಡೆಯವನಂತೆ.

“ಅಕ್ಕಾರ, ಕಾಲೇಜಿನ್ಯಾಗ ಹೇಳಿದ್ರು, ಗಟ್ಟಿ ಮೊಸರಿನ ಖಾನಾವಳಿ ಅಂತ. ಇದ ಏನ್ರಿ?”

ನೀಲಕ್ಕ ಅಡಿಕೆ ಕತ್ತರಿಸುತ್ತಿದ್ದಳು. ಸಂಗವ್ವ ಬಂದದ್ದನ್ನು ನೋಡಿದಳೋ ಇಲ್ಲವೋ.

“ಅದು ಸಂಗವ್ವನ ಖಾನಾವಳಿ. ಎದುರಿಗೆ ನೋಡ. ಬೋರ್ಡ್ ಹಾಕಸಿಲ್ಲ ಇನ್ನಾ, ಮೈಗಳ್ಳಿ.”

ಒಳಗೆ ಪಂಕ್ತಿಯಲ್ಲಿದ್ದ ಗುರುಪಾದಪ್ಪ ತುತ್ತು ಹಿಡಿದೇ ಕತ್ತು ಚಾಚಿದ. “ಅಂತೂ ಮಾನ್ಯತಾ ಕೊಟ್ರಲ್ಲ ನೀಲಕ್ಕಾರ. ಇನ್ನ ರಾಯಭಾರ ಕಚೇರಿ ತಗೀರಿ.”

“ನೀ ಮುಂದಿಂದು ಉಣ್ಣು. ಎರಡೂ ಕಡೆ ಉಂಡು ಹೊಟ್ಟಿ ಬೆಳಸೀದಿ.”

ಸಂಗವ್ವ ಬಟ್ಟಲು ಕಟ್ಟೆಯ ಮೇಲಿಟ್ಟಳು. ನೀಲಕ್ಕ ಒಂದು ಚಿಟಿಕೆ ಚಟ್ನಿ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು. “ಬಳ್ಳೊಳ್ಳಿ ಹೆಚ್ಚಾತು.”

“ನನ್ನ ಗಿರಾಕಿಗೆ ಅದ ಸೇರತೈತಿ, ಅಕ್ಕಾ.”

“ಹಂಗಾರ ಇರಲಿ” ಎಂದು ನೀಲಕ್ಕ ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಸಂಗವ್ವ ತಿರುಗಿ ನೋಡಿದರೆ ಹೊಸ ಹುಡುಗ ಆಗಲೇ ಓಣಿ ದಾಟಿ ಬೋರ್ಡಿಲ್ಲದ ಬಾಗಿಲ ಮುಂದೆ ಚಪ್ಪಲಿ ಬಿಡುತ್ತಿದ್ದ. ಸೆರಗಿನಿಂದ ಕಣ್ಣೊರಸಿಕೊಂಡು ಅವಳು ಲಗುಬಗೆಯಿಂದ ಅವನಿಗೆ ತಾಟು ಹಾಕಲು ಹೋದಳು.